ಆ ಸಣ್ಣ ತೂತಿಗೆ ಪಿನ್ನು ಚುಚ್ಚೋ ಮೊದಲು

ದಿನಾ ಇದೇ ಹೊತ್ತಿಗೆ ನಿಮ್ಮ ಮುಂದೆ ಕೂತು ಸರ್ಕಾರ, ವಿರೋಧ ಪಕ್ಷ, ಹಗರಣ, ತನಿಖೆ ಅಂತ ಮಾತಾಡ್ತೀನಿ. ಇವತ್ತು ಒಂದು ಡಬ್ಬಿಯ ಬಗ್ಗೆ ಮಾತಾಡ್ತೀನಿ. ನಿಮ್ಮ ಟಿವಿ ಪಕ್ಕದಲ್ಲೋ, ಬಾಗಿಲ ಮೇಲಿನ ಗೋಡೆಯಲ್ಲೋ ಹಸಿರು ದೀಪ ಮಿಣುಕಿಸಿಕೊಂಡು ಕೂತಿರುತ್ತಲ್ಲ, ಅದೇ. ರೂಟರ್. ನಮ್ಮೂರ ಭಾಷೆಯಲ್ಲಿ ವೈಫೈ ಡಬ್ಬಿ.

ನಗಬೇಡಿ. ಈ ಡಬ್ಬಿ ಒಂದು ರಾತ್ರಿ ಕೈಕೊಟ್ಟರೆ ಏನಾಗುತ್ತೆ ಅಂತ ನಾನು ನನ್ನ ಅಕ್ಕನ ಮನೆಯಲ್ಲೇ ನೋಡಿದೀನಿ.

ಅಕ್ಕ ಇರೋದು ಯಳಂದೂರಿನಲ್ಲಿ. ಚಾಮರಾಜನಗರ ಜಿಲ್ಲೆಯ ಚಿಕ್ಕ ತಾಲ್ಲೂಕು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋರು ದಾಟಿ ಹೋಗೋ ಊರು. ಅಕ್ಕನ ಮಗಳು ಆ ವರ್ಷ ಸಿಇಟಿ ಬರೆದಿದ್ದಳು. ರ‍್ಯಾಂಕ್ ಬಂದಿತ್ತು. ಇನ್ನು ಉಳಿದಿದ್ದು ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಕೋರ್ಸು ಅಂತ ಆನ್‌ಲೈನ್‌ನಲ್ಲಿ ಒಂದೊಂದಾಗಿ ಕ್ರಮವಾಗಿ ತುಂಬಬೇಕು. ಕೊನೇ ದಿನ. ಸಂಜೆ ಆರೂವರೆಗೆ, ನಾನು ಮೇಕಪ್ ರೂಮಿನಲ್ಲಿ ಇದ್ದಾಗ ಅಕ್ಕನ ಫೋನ್ ಬಂತು.

"ಲೋ ತಮ್ಮ, ವೈಫೈ ಹೋಗ್ಬುಟ್ಟದ ಕಣೋ. ದೀಪ ಎಲ್ಲ ಉರೀತಾವ, ನೆಟ್ ಮಾತ್ರ ಬತ್ತಿಲ್ಲ. ಮಗು ಅಳ್ತಾ ಕೂತದ."

"ನಿನ್ನೆವರೆಗೂ ಚೆನ್ನಾಗಿತ್ತಲ್ಲಕ್ಕ?"

"ನಿನ್ನೆ ರಾತ್ರಿ ಇತ್ತು. ಬೆಳಿಗ್ಗೆ ಎದ್ದು ನೋಡಿದ್ರ ಇಲ್ಲ. ನಾವು ಮುಟ್ಟೇ ಇಲ್ಲ."

ಈ ಮಾತನ್ನ ನೆನಪಿಟ್ಟುಕೊಳ್ಳಿ. "ನಾವು ಮುಟ್ಟೇ ಇಲ್ಲ." ಅಕ್ಕ ಸುಳ್ಳು ಹೇಳಿರಲಿಲ್ಲ. ಅವರು ಮುಟ್ಟಿರಲಿಲ್ಲ. ಆದರೆ ಇನ್ಯಾರೋ ಮುಟ್ಟಿದ್ದರು. ದೂರದಲ್ಲಿ ಕೂತು, ನಡುರಾತ್ರಿಯಲ್ಲಿ, ಇವರು ಮಲಗಿದ್ದಾಗ.

ನಮ್ಮ ಚಾನೆಲ್‌ನ ನೆಟ್‌ವರ್ಕ್ ನೋಡಿಕೊಳ್ಳೋ ಹುಡುಗನೊಬ್ಬ ಇದ್ದಾನೆ. ಅವನನ್ನ ಲೈನಿಗೆ ತರೋಣ ಅಂತ ಓಡಿದೆ. ಕರೆದುಕೊಂಡು ಬಂದು ವಾಪಸ್ ಫೋನ್ ಮಾಡೋಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಆ ಹತ್ತು ನಿಮಿಷದಲ್ಲಿ ಅಂಗಡಿಯಿಂದ ಭಾವ ಮನೆಗೆ ಬಂದಿದ್ದರು. "ನಾನೇ ಸರಿ ಮಾಡ್ತೀನಿ ಬುಡು" ಅಂತ ಅಕ್ಕನ ಸೀರೆಯ ಪಿನ್ನು ಇಸ್ಕೊಂಡು, ಡಬ್ಬಿಯ ಹಿಂದೆ ಒಂದು ಸಣ್ಣ ತೂತು ಇರುತ್ತಲ್ಲ, ಅದಕ್ಕೆ ಚುಚ್ಚಿ, ಒಂದು, ಎರಡು, ಮೂರು ಅಂತ ಹತ್ತರವರೆಗೆ ಎಣಿಸಿಬಿಟ್ಟಿದ್ದರು.

ನಮ್ಮ ಹುಡುಗ ಅದನ್ನ ಕೇಳಿ ತಲೆ ಮೇಲೆ ಕೈ ಇಟ್ಕೊಂಡ. "ಸರ್, ಇಷ್ಟೊತ್ತು ವೈಫೈ ಮಾತ್ರ ಹೋಗಿತ್ತು. ಈಗ ಇಂಟರ್‌ನೆಟ್ಟೇ ಹೋಯ್ತು."

ವೈಫೈ ಬೇರೆ, ಇಂಟರ್‌ನೆಟ್ ಬೇರೆ. ಇದೊಂದು ಅರ್ಥ ಆದರೆ ಅರ್ಧ ರಿಪೇರಿ ಆದ ಹಾಗೆ. ಹೊರಗಿನಿಂದ ಫೈಬರ್ ಲೈನಿನಲ್ಲಿ ಮನೆ ಬಾಗಿಲವರೆಗೆ ಬರೋದು ಇಂಟರ್‌ನೆಟ್. ಆ ಡಬ್ಬಿಯಿಂದ ನಿಮ್ಮ ಫೋನು, ಲ್ಯಾಪ್‌ಟಾಪ್‌ವರೆಗೆ ಗಾಳಿಯಲ್ಲಿ ಬರೋದು ವೈಫೈ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ತುಂಬಿರಬಹುದು, ಅಡುಗೆ ಮನೆ ನಲ್ಲಿ ಕೆಟ್ಟಿರಬಹುದು. ನಲ್ಲಿ ಕೆಟ್ಟಿದ್ದಕ್ಕೆ ಟ್ಯಾಂಕ್ ಒಡೆಯೋರು ಉಂಟಾ? ನಮ್ಮ ಭಾವ ಮಾಡಿದ್ದು ಅದೇ ಕೆಲಸ. ಅವರೊಬ್ಬರೇ ಅಲ್ಲ, ನಾವೆಲ್ಲ ಮಾಡೋದೂ ಅದನ್ನೇ.

ಹಾಗಾದರೆ ಆ ರಾತ್ರಿ ಆಗಿದ್ದೇನು?

ರೂಟರ್ ಅನ್ನೋದು ಒಂದು ಪುಟ್ಟ ಕಂಪ್ಯೂಟರ್. ಅದರೊಳಗೂ ಒಂದು ತಂತ್ರಾಂಶ ಇರುತ್ತೆ. ಅದರ ಹೆಸರು ಫರ್ಮ್‌ವೇರ್. ಡಬ್ಬಿ ಹೇಗೆ ಕೆಲಸ ಮಾಡಬೇಕು, ಯಾವ ಚಾನೆಲ್‌ನಲ್ಲಿ ಸಿಗ್ನಲ್ ಬಿಡಬೇಕು, ಯಾರನ್ನ ಒಳಗೆ ಬಿಡಬೇಕು, ಯಾರನ್ನ ಬಾಗಿಲಲ್ಲೇ ತಡೀಬೇಕು, ಎಲ್ಲವನ್ನೂ ಹೇಳೋದು ಅದೇ. ಫೋನಿಗೆ ಅಪ್‌ಡೇಟ್ ಬರೋ ಹಾಗೆ ಇದಕ್ಕೂ ಬರುತ್ತೆ. ಒಂದೇ ವ್ಯತ್ಯಾಸ. ಫೋನು "ಅಪ್‌ಡೇಟ್ ಮಾಡಲಾ?" ಅಂತ ನಿಮ್ಮನ್ನ ಕೇಳುತ್ತೆ. ಕನೆಕ್ಷನ್ ಕೊಟ್ಟ ಕಂಪನಿಯ ರೂಟರ್ ಬಹಳಷ್ಟು ಸಲ ಕೇಳೋದೇ ಇಲ್ಲ. ಟಿಆರ್-069 ಅಂತ ಒಂದು ವ್ಯವಸ್ಥೆ ಇದೆ, 2004ರಿಂದಲೂ ಇದೆ. ಕಂಪನಿಯವರು ತಮ್ಮ ಆಫೀಸಿನಲ್ಲಿ ಕೂತು ಸಾವಿರಾರು ಮನೆಯ ಡಬ್ಬಿಗಳ ತಂತ್ರಾಂಶ ಬದಲಾಯಿಸಬಹುದು. ಜನ ಮಲಗಿದ ಮೇಲೆ ಮಾಡ್ತಾರೆ, ಯಾರಿಗೂ ತೊಂದರೆ ಆಗದಿರಲಿ ಅಂತ. ಬೆಳಿಗ್ಗೆ ಎದ್ದಾಗ ಡಬ್ಬಿ ನೋಡೋಕೆ ಅದೇ, ಒಳಗೆ ಬೇರೆ.

"ಹಾಗಾದ್ರೆ ಅಪ್‌ಡೇಟೇ ಬೇಡ ಸ್ವಾಮಿ" ಅಂತೀರಾ? ಅಲ್ಲೇ ತಪ್ಪು. ಅಪ್‌ಡೇಟ್ ಬೇಕು, ಖಂಡಿತ ಬೇಕು. ಯಾಕೆ ಅಂತ ಎರಡು ಉದಾಹರಣೆ ಹೇಳ್ತೀನಿ.

2017ರ ಜುಲೈ ಕೊನೆಯ ವಾರ. ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೀತು. ಡಬ್ಬಿಗಳು ಇದ್ದಕ್ಕಿದ್ದ ಹಾಗೆ ಕೆಲಸ ನಿಲ್ಲಿಸಿದವು. ಬಲಿಯಾಗಿದ್ದು ಯಾವುವು ಗೊತ್ತಾ? ಪೆಟ್ಟಿಗೆಯಿಂದ ತೆಗೆದಾಗ ಇದ್ದ 'ಅಡ್ಮಿನ್' ಅನ್ನೋ ಪಾಸ್‌ವರ್ಡನ್ನ ಯಾರೂ ಬದಲಾಯಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಅಂತ ಸಂಸ್ಥೆಯೇ ಗ್ರಾಹಕರಿಗೆ ಹೇಳಬೇಕಾಯ್ತು. ಮನೆಗೆ ಬೀಗ ಹಾಕಿ, ಕೀ ಬಾಗಿಲಿಗೇ ನೇತುಹಾಕಿದ ಕಥೆ ಅದು.

ಅದೇ ವರ್ಷ ಅಕ್ಟೋಬರ್. ಬೆಲ್ಜಿಯಂನ ಮ್ಯಾಥಿ ವ್ಯಾನ್‌ಹೋಫ್ ಅನ್ನೋ ಸಂಶೋಧಕ ವೈಫೈನ ಬೀಗದಲ್ಲೇ ದೋಷ ಇದೆ ಅಂತ ತೋರಿಸಿಕೊಟ್ಟರು. ಆಗ ಜಗತ್ತೆಲ್ಲ ಬಳಸ್ತಿದ್ದ ಡಬ್ಲ್ಯೂಪಿಎ2 ಅನ್ನೋ ಸುರಕ್ಷತಾ ಪದ್ಧತಿಯಲ್ಲಿದ್ದ ದೋಷ ಅದು. ಆ ದಾಳಿಗೆ 'ಕ್ರ್ಯಾಕ್' ಅಂತ ಹೆಸರು. ಪಾಸ್‌ವರ್ಡ್ ಬದಲಾಯಿಸಿದರೂ ಪ್ರಯೋಜನ ಇರಲಿಲ್ಲ. ಫೋನು, ರೂಟರುಗಳ ತಂತ್ರಾಂಶ ಸರಿಮಾಡೋದೊಂದೇ ದಾರಿ. ಮುಂದಿನ ವರ್ಷ, 2018ರಲ್ಲಿ ಡಬ್ಲ್ಯೂಪಿಎ3 ಅನ್ನೋ ಗಟ್ಟಿ ಬೀಗ ಬಂತು. ಈ ಹೆಸರನ್ನೂ ನೆನಪಿಡಿ. ಅಕ್ಕನ ಮನೆಯ ಕಥೆಯಲ್ಲಿ ಇದು ಮತ್ತೆ ಬರುತ್ತೆ.

ಅಂದರೆ ಅಪ್‌ಡೇಟ್ ಶತ್ರು ಅಲ್ಲ. ಹೇಳದೆ ಕೇಳದೆ ಬರುತ್ತಲ್ಲ, ಬಂದಾಗ ಏನು ಮಾಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ, ತೊಂದರೆ ಇರೋದು ಅಲ್ಲಿ. ಹಾಗಾಗಿ ಇವತ್ತು ನಾನೇ ಹೇಳ್ತೀನಿ. ನಮ್ಮ ಹುಡುಗ ನನಗೆ ಹೇಳಿಕೊಟ್ಟಿದ್ದು. ಕ್ರಮವಾಗಿ ಹೋಗೋಣ.

ಮೊದಲನೇದು, ಕೈ ಹಾಕಬೇಡಿ, ಕಣ್ಣು ಹಾಯಿಸಿ. ಫೈಬರ್ ಡಬ್ಬಿಯ ಮೇಲೆ 'ಪಾನ್' ಅಂತ ಒಂದು ದೀಪ, 'ಎಲ್‌ಓಎಸ್' ಅಂತ ಇನ್ನೊಂದು ದೀಪ ಇರುತ್ತೆ. ಪಾನ್ ದೀಪ ಮಿಣುಕದೆ ಹಸಿರಾಗಿ ನಿಂತಿದ್ದರೆ ಬೆಳಕು ಮನೆವರೆಗೆ ಬರ್ತಿದೆ ಅಂತ. ಎಲ್‌ಓಎಸ್ ಕೆಂಪಗೆ ಉರೀತಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ, ಇಲ್ಲ ಮಡಚಿದೆ. ಅದು ವೈಫೈ ಸಮಸ್ಯೆ ಅಲ್ಲ, ಅಪ್‌ಡೇಟ್ ಸಮಸ್ಯೆಯೂ ಅಲ್ಲ. ನೀವು ಮನೆಯಲ್ಲಿ ಕೂತು ಏನು ಮಾಡಿದರೂ ಸರಿಹೋಗಲ್ಲ. ಲೈನ್ ಹುಡುಗನಿಗೆ ಫೋನ್ ಮಾಡಿ, ಅಷ್ಟೇ.

ಎರಡನೇದು, ಕೇಳಬೇಕಾದ ಪ್ರಶ್ನೆ. ಒಂದು ಸಾಧನದಲ್ಲಿ ಬರ್ತಿಲ್ಲವಾ, ಎಲ್ಲದರಲ್ಲೂ ಬರ್ತಿಲ್ಲವಾ? ನೋಡುವಾಗ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ನೋಡಬೇಕು. ಇಲ್ಲದಿದ್ದರೆ ವೈಫೈ ಸತ್ತಿದ್ದರೂ ವಾಟ್ಸ್‌ಆ್ಯಪ್ ಓಡ್ತಾ ಇರುತ್ತೆ, ವೈಫೈ ಬದುಕಿದ್ದರೂ ನಿಮಗೆ ಗೊತ್ತಾಗಲ್ಲ. ಒಂದು ಫೋನಿಗೆ ಬಂದು ಇನ್ನೊಂದಕ್ಕೆ ಬರದಿದ್ದರೆ ಲೈನ್ ಸರಿಯಿದೆ, ಡಬ್ಬಿಯೂ ಸರಿಯಿದೆ. ಇಬ್ಬರ ಮಧ್ಯೆ ಮಾತು ನಿಂತಿದೆ ಅಷ್ಟೇ.

ಮೂರನೇದು, ವೈರ್ ಹಾಕಿ ನೋಡಿ. ಡಬ್ಬಿ ಕೊಂಡಾಗ ಜೊತೆಗೆ ಒಂದು ಮೊಳದ ವೈರ್ ಬಂದಿರುತ್ತೆ, ಎರಡು ತುದಿಗೂ ಪ್ಲಾಸ್ಟಿಕ್ ಮೂತಿ ಇರುತ್ತೆ. ಹೆಚ್ಚು ಜನ ಅದನ್ನ ಅಟ್ಟಕ್ಕೆ ಎಸೆದಿರ್ತಾರೆ. ತೆಗೀರಿ. ಒಂದು ತುದಿ ರೂಟರಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ನೆಟ್ ಬಂತಾ? ಹಾಗಾದರೆ ಕೆಟ್ಟಿರೋದು ಗಾಳಿಯ ದಾರಿ ಮಾತ್ರ. ನಿಮ್ಮ ತುರ್ತು ಕೆಲಸ ವೈರಿನಲ್ಲೇ ಮುಗಿಸಿ, ರಿಪೇರಿ ಆಮೇಲೆ.

ನಾಲ್ಕನೇದು, ಆಫ್ ಮಾಡಿ ಆನ್ ಮಾಡೋದು. ಪಿನ್ನಿನಿಂದ ಅಲ್ಲ, ಸ್ವಿಚ್ಚಿನಿಂದ. ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಆನ್ ಮಾಡಿದ ಮೇಲೆ ಐದು ನಿಮಿಷ ಮುಟ್ಟಬೇಡಿ. ಒಂದು ಎಚ್ಚರಿಕೆ. ದೀಪಗಳು ಎಂದಿನ ಹಾಗಿಲ್ಲದೆ ಒಟ್ಟೊಟ್ಟಿಗೆ ಮಿಣುಕ್ತಾ ಇದ್ದರೆ ಅಪ್‌ಡೇಟ್ ಇನ್ನೂ ನಡೀತಿರಬಹುದು. ಆಗ ಕರೆಂಟ್ ತೆಗೆದರೆ ತಂತ್ರಾಂಶ ಅರ್ಧಕ್ಕೆ ನಿಂತು ಡಬ್ಬಿ ಶಾಶ್ವತವಾಗಿ ಮಲಗಬಹುದು. ಕರೆಂಟ್ ಹೋಗಿ ಬಂದು ಮಾಡೋ ಊರಿನಲ್ಲಿ ರೂಟರಿಗೊಂದು ಸಣ್ಣ ಯುಪಿಎಸ್ ಇಡೋದು ಶೋಕಿ ಅಲ್ಲ, ಅಗತ್ಯ.

ಐದನೇದು, ಫೋನಿಗೆ ಮರೆಯೋಕೆ ಹೇಳಿ. ನಿಮ್ಮ ಫೋನು ಹಳೇ ವೈಫೈನ ಗುರುತು ನೆನಪಿಟ್ಟುಕೊಂಡಿರುತ್ತೆ. ಅಪ್‌ಡೇಟ್ ಆದ ಮೇಲೆ ಹೆಸರು ಅದೇ, ಬೀಗ ಬೇರೆ. ಹಳೇ ಕೀಲಿ ಹೊಸ ಬೀಗಕ್ಕೆ ಹೊಂದಲ್ಲ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಆ ಹೆಸರನ್ನ ಒತ್ತಿ 'ಫರ್ಗೆಟ್' ಮಾಡಿ, ಪಾಸ್‌ವರ್ಡ್ ಹೊಸದಾಗಿ ಹಾಕಿ. ಎಷ್ಟೋ ಸಲ ಇಲ್ಲಿಗೇ ಕಥೆ ಮುಗಿಯುತ್ತೆ.

ಇಲ್ಲಿವರೆಗೂ ಮುಗೀಲಿಲ್ಲ ಅಂದರೆ ಡಬ್ಬಿಯ ಒಳಗೆ ಹೋಗಬೇಕು. ಹೆದರಬೇಡಿ. ಫೋನಿನ ಇಲ್ಲವೇ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ರೂಟರಿನ ವಿಳಾಸ ಹಾಕಿದರೆ ಬಾಗಿಲು ತೆರೆಯುತ್ತೆ. ಹೆಚ್ಚಾಗಿ ಅದು 192.168.1.1 ಇಲ್ಲವೇ 192.168.0.1 ಆಗಿರುತ್ತೆ. ಡಬ್ಬಿಯ ಕೆಳಗಿನ ಚೀಟಿಯಲ್ಲಿ ಬರೆದಿರುತ್ತೆ. ಏನನ್ನಾದರೂ ಬದಲಾಯಿಸೋ ಮುಂಚೆ ಆ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಒಳಗೆ ನೋಡಬೇಕಾದ್ದು ಮೂರೇ ಮೂರು.

ಒಂದು, ಬ್ಯಾಂಡ್. ಈಗಿನ ರೂಟರುಗಳು ಎರಡು ಬ್ಯಾಂಡ್‌ನಲ್ಲಿ ಸಿಗ್ನಲ್ ಬಿಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಬಿಳಿಗಿರಿರಂಗನ ತೇರಿಗೆ ಹೋಗಿದ್ದೀರಾ? ತಮಟೆ ಸದ್ದು ಮೈಲಿ ದೂರಕ್ಕೆ ಕೇಳುತ್ತೆ, ಪಕ್ಕದಲ್ಲಿ ಹೋಗೋರ ಕಾಲ್ಗೆಜ್ಜೆ ನಾಲ್ಕು ಹೆಜ್ಜೆ ಆಚೆ ಕೇಳಲ್ಲ. 2.4 ತಮಟೆ ಇದ್ದ ಹಾಗೆ. ದೂರ ಹೋಗುತ್ತೆ, ಗೋಡೆ ದಾಟುತ್ತೆ, ವೇಗ ಕಮ್ಮಿ. 5 ಅನ್ನೋದು ಗೆಜ್ಜೆ. ವೇಗ ಜಾಸ್ತಿ, ಗೋಡೆ ಬಂದರೆ ಸೋಲುತ್ತೆ. ಯಳಂದೂರಿನಂಥ ಊರುಗಳ ಹಳೇ ಮನೆಗಳಲ್ಲಿ ಮೊಳದಪ್ಪ ಮಣ್ಣಿನ ಗೋಡೆ ಇರುತ್ತೆ. ಹಜಾರದಲ್ಲಿ ಡಬ್ಬಿ ಇದ್ದರೆ ಹಿಂದಿನ ಕೋಣೆಗೆ 5 ತಲುಪೋದೇ ಕಷ್ಟ. ಮೊದಲು ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರಿತ್ತು ಅಂದುಕೊಳ್ಳಿ. ಅಪ್‌ಡೇಟ್ ಬಂದು ಎರಡನ್ನೂ ಸೇರಿಸಿ ಒಂದೇ ಹೆಸರು ಇಟ್ಟುಬಿಡಬಹುದು. ಆಗ ಯಾವುದಕ್ಕೆ ಹೋಗಬೇಕು ಅಂತ ಡಬ್ಬಿಯೂ ಫೋನೂ ತಾವೇ ತೀರ್ಮಾನ ಮಾಡ್ತವೆ, ಕೆಲವು ಸಲ ತಪ್ಪು ತೀರ್ಮಾನ. ಹಳೇ ಪ್ರಿಂಟರು, ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಬಲ್ಬ್ ಇವಕ್ಕೆಲ್ಲ 2.4 ಮಾತ್ರ ಗೊತ್ತು. ಹಾಗಾಗಿ ಎರಡನ್ನೂ ಬೇರೆ ಮಾಡಿ, ಬೇರೆ ಹೆಸರು ಕೊಡಿ. ಹತ್ತಿರ ಇರೋದನ್ನ 5ಕ್ಕೆ, ದೂರದ್ದು ಮತ್ತು ಹಳೇದನ್ನ 2.4ಕ್ಕೆ ಸೇರಿಸಿ.

ಎರಡು, ಚಾನೆಲ್. ನಮ್ಮ ಚಾನೆಲ್ ಅಲ್ಲ ಮತ್ತೆ! 2.4ರಲ್ಲಿ 1, 6, 11 ಇವು ಮೂರು ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ಅದರಲ್ಲೊಂದನ್ನ ಆರಿಸಿ. 12, 13 ಬೇಡ, ಅಮೆರಿಕದಿಂದ ಮಗ ತಂದುಕೊಟ್ಟ ಫೋನಿಗೆ ಅವು ಕಾಣದೇ ಹೋಗಬಹುದು. 5 ಗಿಗಾಹರ್ಟ್ಸ್‌ನ ಸಮಾಚಾರ ಬೇರೆ. ನಮ್ಮ ದೇಶದಲ್ಲಿ ಈ ಬ್ಯಾಂಡಿನ ದೊಡ್ಡ ಭಾಗ ಲೈಸೆನ್ಸ್ ಇಲ್ಲದೆ ಬಳಸೋಕೆ ಮುಕ್ತ ಆಗಿದ್ದು 2018ರ ಅಕ್ಟೋಬರ್‌ನಲ್ಲಿ. ಇದರ ಮಧ್ಯದ ಚಾನೆಲ್‌ಗಳನ್ನ ರಾಡಾರ್‌ಗಳೂ ಬಳಸುತ್ತವೆ. ಆ ಚಾನೆಲ್‌ಗೆ ಹೋಗೋ ರೂಟರ್ ಮೊದಲು ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು, ರಾಡಾರ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಸಿಗ್ನಲ್ ಬಿಡುತ್ತೆ. ರಾಡಾರ್ ಸುಳಿವು ಸಿಕ್ಕರೆ ತಕ್ಷಣ ಜಾಗ ಖಾಲಿ ಮಾಡುತ್ತೆ. ಅಪ್‌ಡೇಟ್ ಆದ ಮೇಲೆ ವೈಫೈ ಆಗಾಗ ಮಾಯ ಆಗಿ ಒಂದು ನಿಮಿಷ ಬಿಟ್ಟು ಬರ್ತಿದೆ ಅಂದರೆ ಇದೇ ಕಾರಣ ಇರಬಹುದು. 'ಆಟೋ' ತೆಗೆದು 36 ಇಲ್ಲವೇ 149 ಹಾಕಿ ನೋಡಿ. ಅಲ್ಲೇ 'ಕಂಟ್ರಿ' ಅಂತ ಇರುತ್ತೆ. ಅದು ಇಂಡಿಯಾ ಅಂತಲೇ ಇದೆಯಾ ನೋಡಿಕೊಳ್ಳಿ.

ಮೂರು, ಬೀಗ. ಆಗ ಹೇಳಿದ ಡಬ್ಲ್ಯೂಪಿಎ3. ಹೊಸ ಫರ್ಮ್‌ವೇರ್ ಬಂದು ಬರೀ ಡಬ್ಲ್ಯೂಪಿಎ3 ಅಂತ ಮಾಡಿಬಿಟ್ಟಿದ್ದರೆ ಹಳೇ ಲ್ಯಾಪ್‌ಟಾಪು, ಹಳೇ ಫೋನು ಬಾಗಿಲಲ್ಲೇ ನಿಲ್ಲಬೇಕು. ಹೆಸರು ಕಾಣುತ್ತೆ, ಪಾಸ್‌ವರ್ಡ್ ಸರಿಯಾಗೇ ಹಾಕ್ತೀರಿ, ಆದರೆ ಒಳಗೆ ಬಿಡಲ್ಲ. ಅಲ್ಲಿ 'ಡಬ್ಲ್ಯೂಪಿಎ2/ಡಬ್ಲ್ಯೂಪಿಎ3' ಅಂತ ಎರಡೂ ಸೇರಿರೋ ಆಯ್ಕೆ ಇರುತ್ತೆ. ಅದನ್ನ ಹಾಕಿ. ಬೀಗವನ್ನೇ ತೆಗೆದು 'ಓಪನ್' ಅಂತ ಮಾತ್ರ ಯಾವತ್ತೂ ಮಾಡಬೇಡಿ.

ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಆಗ, ಆಗ ಮಾತ್ರ, ಆ ಸಣ್ಣ ತೂತು. ಅದು ರಿಪೇರಿ ಬಟನ್ ಅಲ್ಲ ಸ್ವಾಮಿ, ಅಳಿಸೋ ಬಟನ್. ನಿಮ್ಮ ಫೈಬರ್ ಲೈನಿಗೆ ಕಂಪನಿ ಕೊಟ್ಟ ಯೂಸರ್ ನೇಮು, ಪಾಸ್‌ವರ್ಡು, 'ವಿಲ್ಯಾನ್' ಅನ್ನೋ ಒಂದು ನಂಬರು ಡಬ್ಬಿಯೊಳಗೆ ಕೂತಿರುತ್ತೆ. ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ಎಷ್ಟೋ ಡಬ್ಬಿಗಳಲ್ಲಿ ಅದೂ ಅಳಿಸಿಹೋಗುತ್ತೆ. ಆದರೆ ಫರ್ಮ್‌ವೇರ್ ಮಾತ್ರ ಹಳೇದಕ್ಕೆ ವಾಪಸ್ ಹೋಗಲ್ಲ, ಹೊಸದೇ ಉಳಿಯುತ್ತೆ. ಬೇಕಾದ್ದು ಹೋಗುತ್ತೆ, ಬೇಡದ್ದು ಉಳಿಯುತ್ತೆ. ಹಳೇ ಫರ್ಮ್‌ವೇರ್ ಹುಡುಕಿ ಎಲ್ಲೆಲ್ಲಿಂದಲೋ ಇಳಿಸಿ ಹಾಕೋ ಸಾಹಸವೂ ಬೇಡ. ರೂಟರ್ ತಯಾರಿಸಿದ ಕಂಪನಿಯ ವೆಬ್‌ಸೈಟ್‌ನದ್ದೇ ಆಗಿರಬೇಕು, ನಿಮ್ಮ ಮಾಡೆಲ್ಲಿನದ್ದೇ ಆಗಿರಬೇಕು, ಆ ಮಾಡೆಲ್ಲಿನ ಹಾರ್ಡ್‌ವೇರ್ ವರ್ಷನ್ನೂ ಹೊಂದಬೇಕು. ಒಂದಕ್ಷರ ತಪ್ಪಿದರೂ ಡಬ್ಬಿ ಕಲ್ಲಾಗಬಹುದು.

ಈಗ ಯಳಂದೂರಿಗೆ ವಾಪಸ್ ಬರೋಣ.

ಆ ರಾತ್ರಿ ನಮ್ಮ ಹುಡುಗ ಮಾಡಿದ ಮೊದಲ ಕೆಲಸ ರೂಟರನ್ನ ಮರೆತುಬಿಡಿ ಅಂದಿದ್ದು. "ಅಕ್ಕಾ, ಮೊದ್ಲು ಮಗು ಕೆಲಸ ಆಗ್ಲಿ. ನಿಮ್ಮೆಜಮಾನ್ರ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ." ಮಣ್ಣಿನ ಗೋಡೆಯ ಮನೆಯೊಳಗೆ ಮೊಬೈಲ್ ಸಿಗ್ನಲ್ ಕಮ್ಮಿ. ಅಕ್ಕನ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಬಂದು ಕೂತಳು. ಭಾವ ಪಕ್ಕದಲ್ಲಿ ಫೋನ್ ಹಿಡಿದು ಕೂತರು, ಅಕ್ಕ ಸೊಳ್ಳೆ ಓಡಿಸ್ತಾ ಕೂತಳು. ನಾನು ಒಂಬತ್ತರ ಬುಲೆಟಿನ್ ಮುಗಿಸಿ ಬಂದಾಗ ಇನ್ನೂ ತುಂಬ್ತಾನೇ ಇದ್ದಳು. ಹತ್ತೂ ಐವತ್ತಕ್ಕೆ ಮೆಸೇಜ್ ಬಂತು. "ಮಾಮ, ಸೇವ್ ಆಯ್ತು." ಆ ರಾತ್ರಿ ನಾನು ಓದಿದ ಯಾವ ಬ್ರೇಕಿಂಗ್ ನ್ಯೂಸೂ ನನಗೆ ಅಷ್ಟು ದೊಡ್ಡದು ಅನ್ನಿಸಲಿಲ್ಲ.

ಮಾರನೇ ದಿನ ಮಧ್ಯಾಹ್ನ ಲೈನ್ ಹುಡುಗ ಬಂದು ಅಳಿಸಿಹೋಗಿದ್ದ ಯೂಸರ್ ನೇಮು, ಪಾಸ್‌ವರ್ಡ್ ಮತ್ತೆ ಹಾಕಿ ಹೋದ. ಇಂಟರ್‌ನೆಟ್ ಬಂತು. ಆದರೆ ಲ್ಯಾಪ್‌ಟಾಪಿಗೆ? ಬರಲಿಲ್ಲ! ಮೂಲ ಕಾಯಿಲೆ ಹಾಗೇ ಇತ್ತು. ನಮ್ಮ ಹುಡುಗ ಭಾವನಿಗೆ ವೀಡಿಯೋ ಕಾಲ್ ಮಾಡಿ ಡಬ್ಬಿಯ ಒಳಗಿನ ಪುಟ ತೋರಿಸೋಕೆ ಹೇಳಿದ. ಅಲ್ಲಿತ್ತು ನೋಡಿ, ಬರೀ ಡಬ್ಲ್ಯೂಪಿಎ3. ಲ್ಯಾಪ್‌ಟಾಪ್ ಹಳೇದು, ಅಕ್ಕನ ಫೋನೂ ಹಳೇದು, ಎರಡಕ್ಕೂ ಆ ಬೀಗ ಗೊತ್ತಿಲ್ಲ. ಎರಡೂ ಸೇರಿರೋ ಆಯ್ಕೆ ಹಾಕಿಸಿದ. ಎರಡು ನಿಮಿಷದ ಕೆಲಸ. ಬಂತು.

ಆಮೇಲೆ ಭಾವ ತಲೆ ಕೆರ್ಕೊಂಡು ಒಂದು ಮಾತು ಹೇಳಿದರು. ಹಿಂದಿನ ಸಂಜೆ ಮನೆಗೆ ಬಂದಾಗ ಅವರ ಹೊಸ ಫೋನಿನಲ್ಲಿ ವೈಫೈ ಗುರುತು ಕಾಣಿಸಿತ್ತಂತೆ, ಸಿಮ್ ನೆಟ್ಟೇ ಇರಬೇಕು ಅಂದುಕೊಂಡು ಗಮನ ಕೊಡಲಿಲ್ಲವಂತೆ. ಅಂದರೆ ಪಿನ್ನು ಚುಚ್ಚೋ ಕ್ಷಣದವರೆಗೂ ಲೈನ್ ಸರಿಯಾಗಿತ್ತು, ಡಬ್ಬಿ ಸರಿಯಾಗಿತ್ತು. ಆ ವೈರು ಅಟ್ಟದ ಮೇಲೇ ಇತ್ತು. ಇಳಿಸಿ ಹಾಕಿದ್ದರೆ ಆರೂವರೆಗೇ ಕೆಲಸ ಶುರು ಆಗ್ತಿತ್ತು.

ತಪ್ಪು ಭಾವನದ್ದಾ? ಅರ್ಧ. ಇನ್ನರ್ಧ ಆ ಅಪ್‌ಡೇಟ್ ಕಳಿಸಿದವರದ್ದು. ಬಿಲ್ ಕಟ್ಟೋಕೆ ನಾಲ್ಕು ಸಲ ಎಸ್‌ಎಂಎಸ್ ಕಳಿಸ್ತೀರಿ. "ಇವತ್ತು ರಾತ್ರಿ ನಿಮ್ಮ ರೂಟರ್ ಬದಲಾಗುತ್ತೆ, ಹಳೇ ಫೋನು ಕನೆಕ್ಟ್ ಆಗದಿದ್ದರೆ ಹೀಗೆ ಮಾಡಿ" ಅಂತ ಕನ್ನಡದಲ್ಲಿ ಒಂದೇ ಒಂದು ಎಸ್‌ಎಂಎಸ್ ಕಳಿಸೋಕೆ ಏನು ಕಷ್ಟ? ದುಡ್ಡು ಕೊಡೋದು ನಾವು, ಡಬ್ಬಿ ಇರೋದು ನಮ್ಮ ಮನೆ ಗೋಡೆ ಮೇಲೆ, ಕೀ ಮಾತ್ರ ನಿಮ್ಮ ಹತ್ತಿರ. ಇದು ಯಾವ ನ್ಯಾಯ? ಈಗ ಪಡಿತರದ ಕೆಲಸ, ಪಹಣಿ, ಫೀಸು, ಅರ್ಜಿ, ಎಲ್ಲ ಆ ಡಬ್ಬಿಯ ಮೂಲಕವೇ ಹೋಗಬೇಕು. ಅದು ನಿಂತರೆ ಮನೆಯ ಅರ್ಧ ವ್ಯವಹಾರ ನಿಂತ ಹಾಗೆ.

ಅವರು ಎಸ್‌ಎಂಎಸ್ ಕಳಿಸೋವರೆಗೆ ನಾವು ಕಾಯೋದು ಬೇಡ. ಯಳಂದೂರು ಅಂದರೆ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ ಊರು. ಹೈದರ್, ಟಿಪ್ಪು, ಆಮೇಲೆ ಮೈಸೂರು ಅರಸರು, ಇಷ್ಟೂ ಜನರ ಕಾಲದಲ್ಲಿ ರಾಜ್ಯದ ಲೆಕ್ಕ ನೋಡಿದ ಮನುಷ್ಯ ಅವರು. ಆ ಊರಿನವಳಾದ ನಮ್ಮಕ್ಕ ಈಗ ಒಂದು ಲೆಕ್ಕ ಬರೆದಿಟ್ಟಿದ್ದಾಳೆ. ಅಡುಗೆ ಮನೆ ಕ್ಯಾಲೆಂಡರಿನ ಹಿಂದೆ, ಬಾಲ್‌ಪೆನ್ನಿನಲ್ಲಿ. ರೂಟರಿನ ಮಾಡೆಲ್ ನಂಬರು. ರೂಟರಿನ ವಿಳಾಸ, ಒಳಗೆ ಹೋಗೋ ಪಾಸ್‌ವರ್ಡು. ವೈಫೈ ಹೆಸರು, ಪಾಸ್‌ವರ್ಡು. ಫೈಬರ್ ಲೈನಿನ ಯೂಸರ್ ನೇಮು, ಪಾಸ್‌ವರ್ಡು, ವಿಲ್ಯಾನ್ ನಂಬರು. ಲೈನ್ ಹುಡುಗನ ಫೋನು. ಐದೇ ಸಾಲು.

ನೀವೂ ಇವತ್ತು ಕಂಪನಿಯವರಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಕೊಡಲ್ಲ ಅಂದರೆ ಯಾಕೆ ಕೊಡಲ್ಲ ಅಂತ ಕೇಳಿ. ಅಟ್ಟದಿಂದ ಆ ವೈರ್ ಇಳಿಸಿ ಡಬ್ಬಿಯ ಪಕ್ಕದಲ್ಲೇ ಇಡಿ. 'ಅಡ್ಮಿನ್' ಅನ್ನೋ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಈ ರಾತ್ರಿಯೇ ಬದಲಾಯಿಸಿ.

ಅಕ್ಕನ ಕ್ಯಾಲೆಂಡರಿನಲ್ಲಿ ಆ ಐದು ಸಾಲಿನ ಕೆಳಗೆ ಆರನೇ ಸಾಲೊಂದಿದೆ. ಮಗಳು ಬರೆದಿದ್ದು, ಕೆಂಪಿಂಕಿನಲ್ಲಿ, ಅಪ್ಪನಿಗೆ ಕಾಣೋ ಹಾಗೆ ದಪ್ಪಕ್ಷರದಲ್ಲಿ. "ಪಿನ್ನು ಮುಟ್ಟಬೇಡಿ."